ಸಂದರ್ಭ ಬರೆದಾಯ್ತು, ಸ್ವಾರಸ್ಯ ಎಲ್ಲಿ? ಎಪಿ ಇಂಗ್ಲಿಷ್ ಪರೀಕ್ಷೆಯ ರೆಟರಿಕಲ್ ಅನಾಲಿಸಿಸ್ ಬಗ್ಗೆ

ಹತ್ತನೇ ತರಗತಿವರೆಗೆ ಕನ್ನಡ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು: 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ.' ಪಾಠದ ಯಾವುದೋ ಒಂದು ಮಾತು ಕೊಟ್ಟಿರುತ್ತಿದ್ದರು. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ಅಡಿಗೆರೆ ಎಳೆದುಕೊಂಡು ಬರೆಯಬೇಕು. ಮೊದಲಿನ ಎರಡು ಬಾಯಿಪಾಠ. ಮೂರನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಅತ್ತಿತ್ತ ನೋಡಿ, 'ಇಲ್ಲಿ ಕವಿಯು ಈ ಸನ್ನಿವೇಶವನ್ನು ಅತ್ಯಂತ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ' ಅಂತ ಗೀಚಿ ಮುಂದಿನ ಪ್ರಶ್ನೆಗೆ ಹಾರುತ್ತಿದ್ದೆವು. ಸ್ವಾರಸ್ಯ ಏನಪ್ಪಾ ಅಂದರೆ ಸ್ವಾರಸ್ಯವಾಗಿದೆ ಸಾರ್! ಮೇಷ್ಟ್ರು ಅದಕ್ಕೂ ಅರ್ಧ ಅಂಕ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು.

ಎಷ್ಟೋ ವರ್ಷಗಳ ನಂತರ ಅದೇ ಉತ್ತರ ಇಂಗ್ಲಿಷಿನಲ್ಲಿ ನನ್ನ ಮುಂದೆ ಬಂತು. ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗಳು ಹನ್ನೊಂದನೇ ಕ್ಲಾಸು. ಬೆಂಗಳೂರಿನಲ್ಲಿ ನಾನು ಬೆಳಗಿನ ಕಾಫಿಗೆ ಕೂತಿದ್ದಾಗ, ಅಲ್ಲಿ ರಾತ್ರಿ ಊಟ ಮುಗಿಸಿ ವಿಡಿಯೊ ಕಾಲ್ ಮಾಡಿದಳು. 'ಮಾಮ, ಆರಕ್ಕೆ ಮೂರೇ ಬಂದಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ.' ಅವಳ ಪ್ರಬಂಧದ ಮೊದಲ ಪ್ಯಾರಾದ ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: 'ಗಾಂಧಿಯವರು ತಮ್ಮ ವಾದವನ್ನು ಪರಿಣಾಮಕಾರಿಯಾಗಿ ಮಂಡಿಸಲು ಈಥಾಸ್, ಪೇಥಾಸ್ ಮತ್ತು ಲೋಗಾಸ್‌ಗಳನ್ನು ಬಳಸುತ್ತಾರೆ.' ಆ ಮೂರು ಪದಗಳ ಅರ್ಥಕ್ಕೆ ಆಮೇಲೆ ಬರುತ್ತೇನೆ. ಓದಿದ ಕೂಡಲೇ ನನ್ನ ಹತ್ತನೇ ಕ್ಲಾಸಿನ ಉತ್ತರಪತ್ರಿಕೆ ಕಣ್ಣಮುಂದೆ ಬಂತು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎಪಿ, ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಅಮೆರಿಕದ ಕಾಲೇಜ್ ಬೋರ್ಡ್ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಸುವ ಪರೀಕ್ಷೆಗಳ ಸಾಲು. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ವಿಷಯ ಓದಿ ಬರೆಯುತ್ತಾರೆ. ಅಂಕ 1ರಿಂದ 5. ಒಳ್ಳೆಯ ಅಂಕ ಬಂದರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಕ್ರೆಡಿಟ್ ಸಿಗುತ್ತದೆ, ಮೊದಲ ವರ್ಷದ ಒಂದು ಕೋರ್ಸಿನ ಫೀಸು ಉಳಿಯುತ್ತದೆ. ಅಲ್ಲಿನ ನಮ್ಮ ಮನೆಗಳಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದು ಬೇರೆ ಹೇಳಬೇಕಿಲ್ಲ. ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್ ಎಂಬ ಪತ್ರಿಕೆಯನ್ನು ಮಕ್ಕಳು 'ಎಪಿ ಲ್ಯಾಂಗ್' ಅನ್ನುತ್ತಾರೆ. ಒಟ್ಟು 3 ಗಂಟೆ 15 ನಿಮಿಷ. ಮೊದಲ ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆ, ಅದಕ್ಕೆ ಶೇ. 45 ತೂಕ. ಉಳಿದ ಶೇ. 55 ಮೂರು ಪ್ರಬಂಧಗಳಿಗೆ. ಅವುಗಳಲ್ಲಿ ಎರಡನೆಯದೇ ರೆಟರಿಕಲ್ ಅನಾಲಿಸಿಸ್. ಯಾರೋ ಮಾಡಿದ ಭಾಷಣ ಅಥವಾ ಬರೆದ ಪತ್ರವನ್ನು ಕೊಟ್ಟು, ಈ ವ್ಯಕ್ತಿ ತನ್ನ ಮಾತನ್ನು ಎದುರಿನವರಿಗೆ ಮುಟ್ಟಿಸಲು ಏನೇನು ಮಾಡಿದ್ದಾನೆ ಎಂದು ಬಿಡಿಸಿ ಹೇಳು ಅನ್ನುತ್ತಾರೆ. ಸಮಯ ಸುಮಾರು 40 ನಿಮಿಷ. 2025ರಿಂದ ಪೂರ್ತಿ ಪರೀಕ್ಷೆ ಕಂಪ್ಯೂಟರಿನಲ್ಲೇ, ಬ್ಲೂಬುಕ್ ಎಂಬ ಆಪ್‌ನಲ್ಲಿ ಟೈಪ್ ಮಾಡಬೇಕು.

ನಮ್ಮ ಹುಡುಗಿ ಅಭ್ಯಾಸಕ್ಕೆ ತೆಗೆದುಕೊಂಡದ್ದು 2019ರ ಪ್ರಶ್ನೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುಂಚೆ ಗಾಂಧೀಜಿ ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ ಅದು. ದಂಡಿ ಅಂದರೆ ಸಾಕು, ನಮ್ಮಲ್ಲಿ ಯಾರಾದರೂ ಎರಡು ಪುಟ ಬರೆಯುತ್ತಾರೆ. ಇಲ್ಲೇ ಮೊದಲ ಗುಂಡಿ. ಗೊತ್ತಿರುವ ವಿಷಯ ಬಂತೆಂದರೆ ನಾವು ಪತ್ರವನ್ನು ಬಿಟ್ಟು ಇತಿಹಾಸ ಬರೆಯತೊಡಗುತ್ತೇವೆ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಆ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ ಎಂದು ಅವಳಿಗೆ ನಾನೇ ಹೇಳಿಕೊಟ್ಟಿದ್ದೆ. ಅವಳು ಹೆಮ್ಮೆಯಿಂದ ಅದನ್ನೂ ಪ್ರಬಂಧಕ್ಕೆ ಸೇರಿಸಿದ್ದಳು. ಅದಕ್ಕೆ ಸಿಕ್ಕ ಅಂಕ ಸೊನ್ನೆ. ಸಿಗಬೇಕಾದ್ದೂ ಅಷ್ಟೆ. ಪರೀಕ್ಷೆ ಕೇಳುತ್ತಿರುವುದು ಮಾರ್ಚ್ 2ರ ಪತ್ರವನ್ನು. ಏಪ್ರಿಲ್ 6ರಂದು ದಂಡಿಯಲ್ಲಿ ಏನಾಯಿತು ಎಂಬುದು ಪತ್ರ ಬರೆಯುವಾಗ ಗಾಂಧೀಜಿಗೂ ಗೊತ್ತಿರಲಿಲ್ಲ.

ಹಾಗಾದರೆ ಸಂದರ್ಭ ಬೇಡವೇ? ಬೇಕು, ಆದರೆ ಸ್ವಾರಸ್ಯಕ್ಕೆ ಎಷ್ಟು ಬೇಕೋ ಅಷ್ಟು. ನಮ್ಮ ಹಳೆಯ ಪ್ರಶ್ನೆಯಲ್ಲಿ 'ಈ ಮಾತನ್ನು ಯಾರು ಯಾರಿಗೆ ಹೇಳಿದರು' ಎಂದು ಬರೆಯುತ್ತಿದ್ದೆವಲ್ಲ, ಅದನ್ನೇ ಇಲ್ಲಿ ಇನ್ನಷ್ಟು ಕೆದಕಬೇಕು. ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು, ಅವರಿಬ್ಬರ ನಡುವೆ ಎತ್ತರ ಎಷ್ಟು, ಹೇಳುವವರಿಗೆ ಏನಾಗಬೇಕಿದೆ, ಮತ್ತು ಇವತ್ತೇ ಯಾಕೆ ಹೇಳುತ್ತಿದ್ದಾರೆ. ಈ ಕೊನೆಯದಕ್ಕೆ ಅವರ ಭಾಷೆಯಲ್ಲಿ ಎಕ್ಸಿಜೆನ್ಸ್ ಎಂಬ ದೊಡ್ಡ ಹೆಸರಿದೆ. 'ಈಗ ಬಾಯಿ ಬಿಡದಿದ್ದರೆ ಆಗಲ್ಲ' ಅನ್ನಿಸುವ ಒತ್ತಡ ಅಂದುಕೊಂಡರೆ ಸಾಕು.

ಗಾಂಧಿ ಪತ್ರಕ್ಕೆ ಇದನ್ನು ಹಚ್ಚಿ ನೋಡಿ. ಬರೆಯುತ್ತಿರುವವರು ಯಾವ ಸರ್ಕಾರಿ ಹುದ್ದೆಯೂ ಇಲ್ಲದ, ಆಶ್ರಮದಲ್ಲಿರುವ ಮನುಷ್ಯ. ಓದುವವರು ಬ್ರಿಟಿಷ್ ದೊರೆಯ ಪ್ರತಿನಿಧಿ, ಮನಸ್ಸು ಮಾಡಿದರೆ ಇವರನ್ನು ನಾಳೆಯೇ ಜೈಲಿಗೆ ಹಾಕಬಲ್ಲವರು. ಹೇಳಬೇಕಾದ ವಿಷಯ: ನಿಮ್ಮ ಕಾನೂನು ಮುರಿಯುತ್ತೇನೆ. ಇಷ್ಟು ಇಟ್ಟುಕೊಂಡರೆ ಪತ್ರದ ಪ್ರತಿ ಸಾಲಿನಲ್ಲೂ ಒಂದು ಇಕ್ಕಟ್ಟು ಕಾಣುತ್ತದೆ. ಬೆದರಿಸಿದಂತೆ ಕಂಡರೆ ಅಹಿಂಸೆ ಸುಳ್ಳಾಗುತ್ತದೆ; ಬೇಡಿದಂತೆ ಕಂಡರೆ ಸ್ವರಾಜ್ಯ ಭಿಕ್ಷೆಯಾಗುತ್ತದೆ. ಈ ಎರಡರ ನಡುವಿನ ಕಾಲುದಾರಿಯಲ್ಲಿ ಅವರು ಹೇಗೆ ನಡೆದರು ಎಂಬುದೇ ಪ್ರಬಂಧದ ವಿಷಯ. ಥೀಸಿಸ್, ಅಂದರೆ ಪ್ರಬಂಧದ ಮುಖ್ಯ ವಾದವನ್ನು ಹೇಳುವ ಮಾತು, ಬರೆಯಲು ಕೂತವರು ಇಲ್ಲಿಂದ ಶುರು ಮಾಡಬೇಕು.

ಈಗ ಈಥಾಸ್, ಪೇಥಾಸ್, ಲೋಗಾಸ್ ಎಂಬ ತ್ರಿಮೂರ್ತಿಗಳು. ಅರಿಸ್ಟಾಟಲ್ ಕಾಲದಿಂದ ಬಂದ ಮಾತುಗಳಿವು: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನ ತರ್ಕ. ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಜಗತ್ತಿನಲ್ಲಿ ಈ ಮೂರೂ ಇಲ್ಲದ ಭಾಷಣವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನ ಕೂಗಿನಲ್ಲೂ ಮೂರೂ ಇರುತ್ತವೆ. ಗಾಂಧೀಜಿ ಪೇಥಾಸ್ ಬಳಸಿದರು ಅನ್ನುವುದು ಅಡುಗೆಯವರು ಉಪ್ಪು ಬಳಸಿದರು ಅಂದ ಹಾಗೆ. ಎಷ್ಟು ಹಾಕಿದರು, ಯಾವಾಗ ಹಾಕಿದರು, ಯಾಕೆ ಒಂದು ಕಡೆ ಹಾಕದೆ ಬಿಟ್ಟರು ಎಂದು ಹೇಳಿದರೆ ಅಡುಗೆಯ ಬಗ್ಗೆ ಏನಾದರೂ ಹೇಳಿದಂತೆ.

ಈ ಹೆಸರಿಸುವ ಚಾಳಿಗೆ ನಮ್ಮಲ್ಲೂ ಒಂದು ಮೂಲವಿದೆ: ಅಲಂಕಾರದ ಪ್ರಶ್ನೆ. 'ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.' ಅಲಂಕಾರ ಹೆಸರಿಸಿ. ಉಪಮಾ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಗೂಟ ಹೊಡೆದರೆ ಮುಗಿಯಿತು. ಆದರೆ ಕೊನೆಯಲ್ಲಿ 'ಸಮನ್ವಯ' ಅಂತ ಒಂದು ಇರುತ್ತಿತ್ತು, ನೆನಪಿದೆಯೇ? ಇದಕ್ಕೂ ಅದಕ್ಕೂ ಸಂಬಂಧ ಹೇಗೆ ಕೂಡುತ್ತದೆ ಎಂದು ಹೇಳುವ ಎರಡು ಸಾಲು. ನಾವು ಅದನ್ನೂ ಉರು ಹೊಡೆದು ಕೆಡಿಸಿದೆವು. ಎಪಿ ಪರೀಕ್ಷೆಯಲ್ಲಿ ಕಾಮೆಂಟರಿ ಅನ್ನುವುದು ಸರಿಸುಮಾರು ಈ ಸಮನ್ವಯವನ್ನೇ. ಮದಗಜವೇ ಯಾಕೆ, ಹುಲಿ ಯಾಕಲ್ಲ? ಆ ಪ್ರಶ್ನೆಗೆ ಉತ್ತರ ಕೊಡುವವರಿಗೆ ಅಂಕ.

ಹುಡುಗಿಯ ಎರಡನೇ ಪ್ಯಾರಾ ಹೀಗಿತ್ತು: 'ಗಾಂಧಿಯವರು ಪುನರುಕ್ತಿಯನ್ನು ಬಳಸುತ್ತಾರೆ. ಒಂದೇ ವಾಕ್ಯದಲ್ಲಿ ಇಫ್ ಎಂಬ ಪದ ಮೂರು ಸಲ ಬರುತ್ತದೆ. ಇದು ಓದುಗರ ಗಮನ ಸೆಳೆದು ಅವರ ವಾದವನ್ನು ಬಲಪಡಿಸುತ್ತದೆ.'

'ಯಾರ ಗಮನ?' ಅಂದೆ.

'ಓದುಗರದ್ದು.'

'ಓದುಗರು ಅಂದರೆ?'

'ಇರ್ವಿನ್.'

'ನಿಮ್ಮ ಕಾನೂನು ಮುರೀತೀನಿ ಅಂತ ತಾರೀಖು ಸಮೇತ ಬರೆದ ಮೇಲೂ ಆತ ಆಕಳಿಸ್ತಾ ಕೂತಿದ್ದನಾ, ಗಮನ ಸೆಳೆಯೋಕೆ?'

ನಕ್ಕಳು. ಆಮೇಲೆ ಇಬ್ಬರೂ ಆ ವಾಕ್ಯವನ್ನು ನಿಧಾನಕ್ಕೆ ಓದಿದೆವು. ಅದರ ಸಾರ ಇಷ್ಟು: ಈ ಪತ್ರದಲ್ಲಿ ತಿರುಳಿದೆ ಎಂದು ನಿಮಗೆ ಅನ್ನಿಸಿದರೆ, ನನ್ನೊಡನೆ ಮಾತಾಡಬೇಕು ಅನ್ನಿಸಿದರೆ, ಅದಕ್ಕಾಗಿ ಈ ಪತ್ರದ ಪ್ರಕಟಣೆಯನ್ನು ಮುಂದಕ್ಕೆ ಹಾಕಬೇಕು ಅನ್ನಿಸಿದರೆ, ಒಂದು ತಂತಿ ಕಳಿಸಿ, ಸಂತೋಷದಿಂದ ನಿಲ್ಲಿಸುತ್ತೇನೆ. ಮೂರು 'ಇಫ್'ಗಳಲ್ಲೂ ಕೆಲಸ ಯಾರದ್ದು ನೋಡು ಅಂದೆ. ಅವಳು ಥಟ್ಟನೆ ಹೇಳಿದಳು: 'ಎಲ್ಲಾ ಇರ್ವಿನ್ ಮಾಡ್ಬೇಕು. ಗಾಂಧಿ ಸುಮ್ನೆ ಕಾಯ್ತಾರೆ.' ಮೇಲ್ನೋಟಕ್ಕೆ ಚೆಂಡು ವೈಸ್‌ರಾಯ್ ಅಂಗಳದಲ್ಲಿದೆ, ಅಧಿಕಾರವೆಲ್ಲ ಅವರದ್ದೇ. ಆದರೆ ಇದಕ್ಕೆ ಸ್ವಲ್ಪ ಮುಂಚೆಯೇ 'ಈ ತಿಂಗಳ ಹನ್ನೊಂದನೇ ದಿನ' ಎಂದು ಗಡುವು ಬಿದ್ದಾಗಿದೆ. ಹಾಗಾಗಿ ಒಂದೊಂದು 'ಇಫ್' ಒಂದೊಂದು ತೆರೆದ ಬಾಗಿಲು. ಇರ್ವಿನ್ ಒಳಗೆ ಬರದಿದ್ದರೆ ಮುಂದಿನ ಹೊಣೆ ಗಾಂಧಿಯ ಮೇಲೆ ಬೀಳುವುದಿಲ್ಲ. ವಿನಯದ ವ್ಯಾಕರಣದಲ್ಲೇ ಹೊರೆಯನ್ನು ಆಚೆ ದಾಟಿಸಿದ್ದಾರೆ.

ಅವಳು ತಿದ್ದಿ ಬರೆದದ್ದರ ಸಾರಾಂಶ: 'ಕಾನೂನು ಮುರಿಯುವ ದಿನವನ್ನು ಸಾರಿದ ಮೇಲೆ ಗಾಂಧಿ ದನಿ ತಗ್ಗಿಸುತ್ತಾರೆ. ಮೂರು ಷರತ್ತುಗಳನ್ನು ಒಂದರ ಹಿಂದೊಂದು ಇಟ್ಟು, ಪ್ರತಿಯೊಂದರಲ್ಲೂ ತೀರ್ಮಾನವನ್ನು ಇರ್ವಿನ್‌ಗೆ ಬಿಡುತ್ತಾರೆ. ಆಜ್ಞೆ ಕೊಟ್ಟು ರೂಢಿಯಿರುವ ಅಧಿಕಾರಿಗೆ ಇದು ಸವಾಲಿನಂತೆ ಕಾಣದೆ ಗೌರವದಂತೆ ಕಾಣುತ್ತದೆ. ಆದರೆ ದಿನಾಂಕ ಬದಲಾಗದೆ ನಿಂತಿರುವುದರಿಂದ, ಸುಮ್ಮನಿರುವುದೂ ಇರ್ವಿನ್ ಮಾಡಿದ ಒಂದು ಆಯ್ಕೆಯೇ ಆಗುತ್ತದೆ.' ಪುನರುಕ್ತಿ ಎಂಬ ಪದ ಎಲ್ಲೂ ಇಲ್ಲ. ಬೇಕಾಗಲಿಲ್ಲ. ಅಲಂಕಾರದ ಹೆಸರು ಗೊತ್ತಿದ್ದರೆ ಹಾಕಲಿ, ಅಡ್ಡಿಯಿಲ್ಲ. ಅನಾಫೊರಾ, ಪಾಲಿಸಿಂಡಿಟನ್ ಎಂಬ ಪಟ್ಟಿಯನ್ನು ಟ್ಯೂಷನ್ ಶೀಟಿನಲ್ಲಿ ಬಾಯಿಪಾಠ ಮಾಡಿಸುವವರ ಮೇಲೆ ಮಾತ್ರ ನನಗೆ ಸಿಟ್ಟಿದೆ.

ಮೌಲ್ಯಮಾಪನದ ಲೆಕ್ಕ ನೋಡಿದರೂ ಇದೇ ಅನ್ನಿಸುತ್ತದೆ. ಹಿಂದೆ 9 ಅಂಕಗಳ ಒಟ್ಟಾರೆ ಅಳತೆ ಇತ್ತು. 2020ರ ಪರೀಕ್ಷೆಯಿಂದ 6 ಅಂಕದ ರೂಬ್ರಿಕ್, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂದು ಬಿಡಿಸಿಟ್ಟ ಪಟ್ಟಿ. ಥೀಸಿಸ್‌ಗೆ 1, ಸಾಕ್ಷ್ಯ ಮತ್ತು ಕಾಮೆಂಟರಿಗೆ 4, ಸಾಫಿಸ್ಟಿಕೇಶನ್ ಎಂಬುದಕ್ಕೆ 1. ಥೀಸಿಸ್ ಅಂಕ ಸುಲಭ: ಲೇಖಕರು ಮಾಡಿಕೊಂಡ ಆಯ್ಕೆಗಳ ಬಗ್ಗೆ ಸಮರ್ಥಿಸಿಕೊಳ್ಳಬಲ್ಲ ಒಂದು ಮಾತು ಇದ್ದರೆ ಸಾಕು, ಅದು ಪ್ರಬಂಧದಲ್ಲಿ ಎಲ್ಲಿ ಇದ್ದರೂ ನಡೆಯುತ್ತದೆ. ಅಸಲಿ ಆಟ ಇರುವುದು ನಡುವಿನ ನಾಲ್ಕರಲ್ಲಿ. ಸಾಲುಗಳನ್ನು ಎತ್ತಿ ಬರೆದು ತಿರುಳನ್ನಷ್ಟೇ ಮತ್ತೆ ಹೇಳಿದರೆ ಒಂದರಲ್ಲೇ ಕೂರುತ್ತಾರೆ. ನಾಲ್ಕೂ ಬೇಕಾದರೆ ಪ್ರತಿ ಮಾತಿಗೂ ಪತ್ರದಿಂದಲೇ ಆಧಾರ ಇರಬೇಕು, ಆ ಆಧಾರ ಹೇಗೆ ವಾದವನ್ನು ಹೊರುತ್ತದೆ ಎಂದು ಬಿಡದೆ ವಿವರಿಸಬೇಕು, ಒಂದಕ್ಕಿಂತ ಹೆಚ್ಚು ಆಯ್ಕೆಗಳು ಉದ್ದೇಶಕ್ಕೆ ಹೇಗೆ ದುಡಿಯುತ್ತವೆ ಎಂದು ತೋರಿಸಬೇಕು. ಅರ್ಥವೇ ಕೆಡುವಷ್ಟು ವ್ಯಾಕರಣ ದೋಷವಿದ್ದರೆ ಆ ನಾಲ್ಕನೆಯದು ತಪ್ಪುತ್ತದೆ. ಸಣ್ಣಪುಟ್ಟ ಸ್ಪೆಲ್ಲಿಂಗಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಗಡಿಬಿಡಿಯ ಮೊದಲ ಕರಡು ಇದು ಎಂದು ತಿದ್ದುವವರಿಗೂ ಗೊತ್ತು.

'ಬಳಸುತ್ತಾರೆ' ಎಂಬ ಕ್ರಿಯಾಪದವನ್ನೇ ಒಂದು ವಾರ ನಿಷೇಧಿಸಿದೆ. ಅದರ ಬದಲು ಏನು ಬರೆಯಬಹುದು ಎಂದು ಅವಳು ಪಟ್ಟಿ ಮಾಡಿದಳು: ಒಪ್ಪಿಕೊಳ್ಳುತ್ತಾರೆ, ತಡೆಯುತ್ತಾರೆ, ಹೊರೆ ದಾಟಿಸುತ್ತಾರೆ, ಹತ್ತಿರ ಕರೆಯುತ್ತಾರೆ, ಗಡುವು ಹಾಕುತ್ತಾರೆ, ಅನುಮಾನವನ್ನು ಮೊದಲೇ ಎತ್ತಿ ಹೇಳುತ್ತಾರೆ. ಕ್ರಿಯಾಪದ ಬದಲಾದ ಕೂಡಲೇ ವಾಕ್ಯ ತಾನಾಗಿ ಮುಂದುವರಿಯಲು ಬೇಡುತ್ತದೆ. 'ಪೇಥಾಸ್ ಬಳಸುತ್ತಾರೆ' ಎಂದರೆ ಅಲ್ಲಿಗೆ ಫುಲ್‌ಸ್ಟಾಪ್. 'ಹೊರೆ ದಾಟಿಸುತ್ತಾರೆ' ಎಂದರೆ ಯಾರಿಂದ ಯಾರಿಗೆ, ಯಾಕೆ ಎಂದು ಬರೆಯದೆ ಬೇರೆ ದಾರಿಯೇ ಇಲ್ಲ.

ಇನ್ನು ಆ ಆರನೇ ಅಂಕ. ಸಾಫಿಸ್ಟಿಕೇಶನ್ ಅಂದರೆ ದೊಡ್ಡ ದೊಡ್ಡ ಪದ ಎಂದುಕೊಂಡು ಶಬ್ದಕೋಶ ಸುರಿಯುವ ಮಕ್ಕಳಿದ್ದಾರೆ. ಅದಕ್ಕೆ ಸಿಗುವುದಿಲ್ಲ. ಪಠ್ಯದೊಳಗಿನ ಎಳೆದಾಟವೊಂದನ್ನು ಹಿಡಿದು ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಹೇಳಿದರೆ ಸಿಗುವ ಅವಕಾಶ ಹೆಚ್ಚು, ಅದೂ ಒಂದೇ ಸಾಲಿನಲ್ಲಿ ಹೇಳಿ ಓಡದೆ ಪ್ರಬಂಧದುದ್ದಕ್ಕೂ ಆ ಎಳೆ ಬಂದರೆ. ಗಾಂಧಿ ಪತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ದಿನಾಂಕ ಹೇಳುತ್ತಾರೆ, ಬಂಧಿಸಿದರೆ ನನ್ನ ಹಿಂದೆ ಹತ್ತಾರು ಸಾವಿರ ಜನ ಶಿಸ್ತಿನಿಂದ ನಿಲ್ಲುತ್ತಾರೆಂದು ನಂಬಿದ್ದೇನೆ ಅನ್ನುತ್ತಾರೆ, ಆಮೇಲೆ ಇದು ಬೆದರಿಕೆಯಲ್ಲ ಅನ್ನುತ್ತಾರೆ! ಹದಿನಾರು ವರ್ಷದ ಹುಡುಗಿಗೂ ಇಲ್ಲಿ ಹುಬ್ಬು ಏರಬೇಕು. ಏರಿದ ಹುಬ್ಬನ್ನು ಇಳಿಸಿಕೊಳ್ಳದೆ ಬರೆಯಬೇಕು. ಬೆದರಿಕೆಯಲ್ಲ ಎಂದು ಹೇಳಬೇಕಾಗಿ ಬಂದದ್ದೇ ಅದು ಹಾಗೆ ಕೇಳಿಸುತ್ತದೆ ಎಂಬ ಅರಿವಿನಿಂದ. ಹಾಗೆ ಕೇಳಿಸುವುದು ತಿಳಿದೂ ಅವರು ದಿನಾಂಕವನ್ನು ಅಳಿಸಲಿಲ್ಲ. ಅದನ್ನು ಸತ್ಯಾಗ್ರಹಿಯ ಕರ್ತವ್ಯ ಎಂದು ಬೇರೆ ಹೆಸರಿಟ್ಟು ಕರೆದರು. ಸಾಲದ್ದಕ್ಕೆ, ಪತ್ರವನ್ನು ಒಬ್ಬ ಇಂಗ್ಲಿಷ್ ತರುಣನ ಕೈಯಲ್ಲೇ ಕಳಿಸುತ್ತಿದ್ದೇನೆ ಎಂದು ಅದರಲ್ಲೇ ಬರೆದರು. ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಆ ತರುಣನೇ ಒಂದು ವಾದ: ನಿಮ್ಮವರ ಮೇಲೆ ನನಗೆ ದ್ವೇಷವಿಲ್ಲ, ಬೇಕಾದರೆ ಪತ್ರ ತಂದವನನ್ನೇ ನೋಡಿ. ಪದಗಳಲ್ಲಿ ಮಾತ್ರ ತಂತ್ರ ಹುಡುಕುವವರಿಗೆ ಈ ಅಂಚೆಯವ ಕಾಣುವುದೇ ಇಲ್ಲ.

ಇನ್ನೊಂದು ಪದ ಹೇಳಿಬಿಡುತ್ತೇನೆ. ಅಹಿಂಸೆಯ ಮೂಲಕ ಬ್ರಿಟಿಷ್ ಜನರನ್ನು 'ಕನ್ವರ್ಟ್' ಮಾಡುವುದೇ ನನ್ನ ಹಂಬಲ ಅನ್ನುತ್ತಾರೆ ಗಾಂಧೀಜಿ. ಸೋಲಿಸುವುದು ಅನ್ನಲಿಲ್ಲ, ಓಡಿಸುವುದು ಅನ್ನಲಿಲ್ಲ. ಮತಾಂತರದ ವಾಸನೆಯಿರುವ ಪದ. ಕ್ರಿಶ್ಚಿಯನ್ ಮಿಷನರಿಗಳು ಇಲ್ಲಿಯವರನ್ನು ಕನ್ವರ್ಟ್ ಮಾಡುತ್ತಿದ್ದ ಕಾಲದಲ್ಲಿ ಅದೇ ಪದವನ್ನು ತಿರುಗಿಸಿ ಅವರ ಕಡೆಗೇ ಹಿಡಿದಂತಾಯಿತು. ಇರ್ವಿನ್ ತುಂಬಾ ದೈವಭಕ್ತ ಎಂಬುದು ಗೊತ್ತಿದ್ದರೆ ಇನ್ನೂ ರುಚಿ, ಗೊತ್ತಿಲ್ಲದಿದ್ದರೂ ಪದವೇ ಸಾಕಷ್ಟು ಹೇಳುತ್ತದೆ. ಕಲ್ಲೆದೆಯೂ ಕರಗುವಷ್ಟು ನಮ್ಮ ಜನ ನೋವುಣ್ಣುತ್ತಾರೆ ಎಂಬ ಅರ್ಥದ ಮಾತು ಅಲ್ಲೇ ಹತ್ತಿರ ಬರುತ್ತದೆ. ಯಾರ ಎದೆ ಕಲ್ಲು ಎಂದು ಹೇಳುವುದಿಲ್ಲ.

ಪತ್ರದ ಹಿಂದಿನ ಭಾಗದಲ್ಲಿ ಅಂಕಿಗಳ ಏಟೂ ಇದೆ: ವೈಸ್‌ರಾಯ್ ಸಂಬಳ ತಿಂಗಳಿಗೆ 21,000 ರೂಪಾಯಿ, ಭಾರತೀಯನ ಸರಾಸರಿ ಆದಾಯ ದಿನಕ್ಕೆ 2 ಆಣೆಗೂ ಕಡಿಮೆ. ನಿಮ್ಮದು ನಮ್ಮ ಸರಾಸರಿಯ ಐದು ಸಾವಿರ ಪಟ್ಟು, ನಿಮ್ಮ ಪ್ರಧಾನಿಯದ್ದು ನಿಮ್ಮವರ ಸರಾಸರಿಯ 90 ಪಟ್ಟು ಮಾತ್ರ, ಎಂದು ಎದುರಿಗಿದ್ದವರ ಪಗಾರವನ್ನೇ ಎತ್ತಿ ಆಡಿದ್ದಾರೆ. ಎಷ್ಟು ಚಂದದ ಸಾಕ್ಷ್ಯ! ಪರೀಕ್ಷೆಯಲ್ಲಿ ಕೊಟ್ಟದ್ದು ಕೊನೆಯ ಭಾಗ ಮಾತ್ರ, ಆದ್ದರಿಂದ ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ಪೂರ್ತಿ ಓದಿಕೊಳ್ಳಲಿ, ಅದು ಬೇರೆ ಸುಖ.

ಪ್ಯಾರಾಗಳನ್ನು ಹೇಗೆ ಜೋಡಿಸುವುದು ಎಂದು ಕೇಳುತ್ತಾರೆ. ಈಥಾಸ್‌ಗೊಂದು, ಪೇಥಾಸ್‌ಗೊಂದು, ಲೋಗಾಸ್‌ಗೊಂದು ಎಂದು ಮೂರು ಡಬ್ಬಿ ಇಡುವ ಕ್ರಮ ನನಗೆ ಸೇರುವುದಿಲ್ಲ. ಪತ್ರ ನಡೆದ ದಾರಿಯಲ್ಲೇ ಹೋಗುವುದು ವಾಸಿ. 'ಬಟ್' ಅಥವಾ 'ಹೌಎವರ್' ಎಲ್ಲಿದೆ ನೋಡಿ, ಅಲ್ಲಿ ದಾರಿ ತಿರುಗುತ್ತದೆ. ಗಾಂಧಿ ಪತ್ರದಲ್ಲಿ ಮೊದಲು ಸೇವೆ, ಪ್ರೀತಿ, ಮನೆಯವರ ಹೋಲಿಕೆ. ಆಮೇಲೆ 'ಬಟ್ ಇಫ್' ಎಂದು ತಿರುಗಿ ಉಪ್ಪಿನ ಕಾಯ್ದೆ ಮತ್ತು ಗಡುವು. ಕೊನೆಗೆ ಮತ್ತೆ ನಯ, ತಂತಿ, ಗೆಳೆಯನ ಸಹಿ. ಮೂರು ತಿರುವು, ಮೂರು ಪ್ಯಾರಾ. ಗಡುವನ್ನು ಎರಡು ಕಡೆಯಿಂದಲೂ ಮೆತ್ತೆ ಹಾಕಿ ನಡುವೆ ಇಟ್ಟಿದ್ದಾರಲ್ಲ ಎಂಬುದು ಈ ದಾರಿಯಲ್ಲಿ ಹೋದವರಿಗಷ್ಟೇ ಕಾಣುತ್ತದೆ.

ಸಮಯಕ್ಕೆ ಬಂದರೆ, 40 ನಿಮಿಷದಲ್ಲಿ ಹತ್ತನ್ನು ಓದಲು ಮತ್ತು ಗುರುತು ಹಾಕಲು ಕೊಡಿ. ಮಕ್ಕಳು ಇದನ್ನೇ ಮೊದಲು ಕತ್ತರಿಸುತ್ತಾರೆ. ಪೀಠಿಕೆ ಎರಡು ಮೂರು ವಾಕ್ಯ ಸಾಕು. ಉಪಸಂಹಾರಕ್ಕೆ ಸಮಯ ಸಿಗದಿದ್ದರೆ ಆಕಾಶವೇನೂ ಕಳಚಿ ಬೀಳದು; ಅದಕ್ಕೆಂದೇ ಇಟ್ಟ ಅಂಕ ರೂಬ್ರಿಕ್‌ನಲ್ಲಿ ಇಲ್ಲ.

ಮುಂದಿನ ವಾರ 2011ರ ಪ್ರಶ್ನೆ ಕೊಟ್ಟೆ. 1905ರಲ್ಲಿ ಫ್ಲಾರೆನ್ಸ್ ಕೆಲಿ ಎಂಬ ಸಮಾಜ ಸುಧಾರಕಿ ಬಾಲ ಕಾರ್ಮಿಕರ ಬಗ್ಗೆ ಮಾಡಿದ ಭಾಷಣ. ಕೇಳುತ್ತಿದ್ದವರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು. ನಾವು ಮಲಗಿರುವಾಗ ಪುಟ್ಟ ಹುಡುಗಿಯರು ಬಟ್ಟೆ ಗಿರಣಿಗಳಲ್ಲಿ ರಾತ್ರಿಯಿಡೀ ದುಡಿಯುತ್ತಿರುತ್ತಾರೆ ಎಂದು ಕೆಲಿ ಮತ್ತೆ ಮತ್ತೆ ಹೇಳುತ್ತಾಳೆ. ಈ ಸಲ ಫೋನ್ ಇಟ್ಟುಕೊಂಡೇ ಬರೆಯಲು ಕೂತಳು, ನಾನು ಇತ್ತ ಟೈಮರ್ ಹಾಕಿದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದೇ ಇಲ್ಲ. ಆಮೇಲೆ ಕೇಳಿದಳು: 'ಮಾಮ, "ನಾವು ಮಲಗಿರುವಾಗ" ಅಂತಾಳಲ್ಲ, ಆ "ನಾವು" ಯಾರು? ಅಲ್ಲಿ ಕೂತಿರೋ ಎಷ್ಟೋ ಹೆಂಗಸರಿಗೆ ಓಟೇ ಇಲ್ಲ. ಕಾನೂನು ಬದಲಾಯಿಸೋಕೆ ಆಗದವರ ಹತ್ರ ಯಾಕೆ ಹೇಳ್ತಿದ್ದಾಳೆ?'

ಟೈಮರ್ ನೋಡಿದೆ. ಆರು ನಿಮಿಷ ಆಗಿತ್ತು.